ದನಿಗೆ ಎಷ್ಟು ಎತ್ತರ?

ಸಂಗೀತವನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕೆಂಬ ಪ್ರಶ್ನೆ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೊಸದೇನಲ್ಲ. 1809ರಲ್ಲಿ ದಂಡು ಇಲ್ಲಿ ನೆಲೆಯೂರಿತು. ಅದರ ಬೆನ್ನಿಗೇ ಬ್ಯಾಂಡಿನ ವಾದ್ಯಗಳೂ ಬಂದವು. ಪೇಟೆಗೂ ದಂಡಿಗೂ ನಡುವೆ ಹರಡಿಕೊಂಡಿರುವ ಕಬ್ಬನ್ ಪಾರ್ಕಿನಲ್ಲಿ ಎರಕದ ಕಬ್ಬಿಣದ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡ್ ಇಂದಿಗೂ ನಿಂತಿದೆ. ಅದರ ಜಗಲಿ ನೆಲಕ್ಕಿಂತ ಎತ್ತರ. ಮುಂದೆ ನಿಂತವರ ತಲೆಗಳನ್ನು ದಾಟಿ ಹಿಂದಿನವರ ಕಿವಿಗೂ ದನಿ ಮುಟ್ಟಲಿ ಎಂಬುದು ಆ ಎತ್ತರದ ಪ್ರಯೋಜನ.

ರೇಡಿಯೋ ಬಂದಾಗಲೂ ಇದೇ ನ್ಯಾಯ ನಡೆಯಿತು. ಅನೇಕ ಊರುಗಳ ಪಾರ್ಕುಗಳಲ್ಲಿ ಧ್ವನಿವರ್ಧಕಗಳನ್ನು ಮೇಲೆ ಕಟ್ಟಿ ಸಂಜೆಯ ವಾರ್ತೆಯನ್ನು ಊರಿಗೆಲ್ಲ ಕೇಳಿಸಿದರು. ಮನೆಗಳಲ್ಲಿ ಅದಕ್ಕೆ ಸಿಕ್ಕಿದ್ದು ಗೋಡೆಯ ಗೂಡು, ಇಲ್ಲವೇ ಮಕ್ಕಳ ಕೈಗೆಟುಕದ ಹಲಗೆ. ಮೇಲೆ ಕಸೂತಿಯ ಬಟ್ಟೆ! 1955ರಲ್ಲಿ ಮೈಸೂರಿನ ಆಕಾಶವಾಣಿ ಕೇಂದ್ರ ಬೆಂಗಳೂರಿಗೆ ಬಂದಾಗ ಆ ದನಿಯನ್ನು ಬರಮಾಡಿಕೊಂಡದ್ದು ಇಂಥ ಗೂಡುಗಳೇ. ಹಲಸೂರಿನ ಮರ್ಫಿ ಟೌನಿಗೂ ಮರ್ಫಿ ರೇಡಿಯೋಗೂ ನಂಟು ಕಲ್ಪಿಸುವವರುಂಟು. ಅದು ಒಬ್ಬ ಎಂಜಿನಿಯರರ ಹೆಸರು, ಅಷ್ಟೆ. ಗೂಡಿನ ರೇಡಿಯೋಗೆ ಎತ್ತರವೆಂದರೆ ಮರ್ಯಾದೆ. ಒಂದೇ ಪೆಟ್ಟಿಗೆಯಾದ್ದರಿಂದ ಎಲ್ಲಿ ಕುಳಿತು ಕೇಳಿದರೂ ಸಂಗೀತಕ್ಕೆ ದೊಡ್ಡ ನಷ್ಟವಾಗುತ್ತಿರಲಿಲ್ಲ.

ಈ ಮರ್ಯಾದೆಯನ್ನು ಕೆಡಿಸಿದ್ದು ಸ್ಟೀರಿಯೋ. ಬ್ರಿಟನ್ನಿನ ಆಲನ್ ಬ್ಲಮ್ಲೀನ್ 1931ರಲ್ಲೇ ಅದರ ತತ್ತ್ವವನ್ನು ಪೇಟೆಂಟಿಗೆ ಸಲ್ಲಿಸಿದ್ದರೂ ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆ ಕಂಡದ್ದು 1958ರ ಹೊತ್ತಿಗೆ. ಪೆಟ್ಟಿಗೆಗಳು ಎರಡಾದವು; ಎರಡಕ್ಕೂ ಕೇಳುವವನಿಗೂ ನಡುವೆ ಒಂದು ತ್ರಿಕೋನ ಏರ್ಪಡಬೇಕಾಯಿತು. ಅಷ್ಟರಲ್ಲಿ ಪೆಟ್ಟಿಗೆಗಳೂ ಕುಗ್ಗಿದ್ದವು. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿ ಚಿಕ್ಕ ಪೆಟ್ಟಿಗೆಯಿಂದ ಆಳವಾದ ಮಂದ್ರವನ್ನು ಹೊರಡಿಸಿದರು. 1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ ರೂಪಿಸಿದ ಎಲ್‌ಎಸ್3/5ಎ ಪೆಟ್ಟಿಗೆಯ ಎತ್ತರ ಸುಮಾರು 30 ಸೆಂ.ಮೀ., ತೂಕ 5 ಕಿಲೋ ಆಸುಪಾಸು. ಇಂಥವನ್ನು ಪುಸ್ತಕದ ಕಪಾಟಿನ ಸ್ಪೀಕರ್ ಎಂದು ಕರೆದದ್ದು ವ್ಯಾಪಾರಿಗಳ ಜಾಣತನ. ಪುಸ್ತಕಗಳ ನಡುವೆ ಇಟ್ಟರೆ ಹೆಚ್ಚಿನವು ಮೂಗುಕಟ್ಟಿದಂತೆ ಹಾಡುತ್ತವೆ.

ಕಾರಣ ಸರಳವಾಗಿದೆ. ಮೃದಂಗದ ಎಡಮುಖದಿಂದ ಹೊಮ್ಮುವಂಥ ತಗ್ಗುದನಿಯ ಅಲೆಗಳು ಮೀಟರುಗಟ್ಟಲೆ ಉದ್ದ. ಸೆಕೆಂಡಿಗೆ 50 ಕಂಪನವಾದರೆ ಸುಮಾರು 7 ಮೀಟರ್. ಅವು ಪೆಟ್ಟಿಗೆಯ ಸುತ್ತಲೂ ಹರಡಿ, ಗೋಡೆಗೆ ತಾಗಿ ಹಿಂದಿರುಗಿ ಮೂಲ ದನಿಯನ್ನು ಉಬ್ಬಿಸುತ್ತವೆ. ಮೂಲೆಯಲ್ಲಂತೂ ಇಮ್ಮಡಿ ಉಬ್ಬರ. 10,000 ಕಂಪನದ ಅಲೆಯಾದರೋ ಮೂರೂವರೆ ಸೆಂ.ಮೀ. ಮಾತ್ರ, ಅದು ದೀಪದ ಕಿರಣದಂತೆ ನೇರವಾಗಿ ಹೋಗುತ್ತದೆ. ತಂಬೂರಿಯ ಝೇಂಕಾರದ ಸೂಕ್ಷ್ಮವೆಲ್ಲ ಈ ಹೆಚ್ಚಿನ ಕಂಪನಗಳಲ್ಲಿದೆ. ಆದ್ದರಿಂದ ಪೆಟ್ಟಿಗೆಯ ಚಿಕ್ಕ ಸ್ಪೀಕರ್ ಕಿವಿಯ ಮಟ್ಟದಲ್ಲಿರಬೇಕು, ಪೆಟ್ಟಿಗೆ ಗೋಡೆಯಿಂದ ಒಂದಿಷ್ಟು ಮುಂದೆ ಬರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸಿಕೊಡುವುದು ಸ್ಟ್ಯಾಂಡು.

ಆದರೆ ಎಲ್ಲರ ಮನೆಯಲ್ಲೂ ಸ್ಟ್ಯಾಂಡಿಗೆ ಎಡೆ ಎಲ್ಲಿ? 1970ರ ದಶಕದ ಕೊನೆಗೆ ರೂಪುಗೊಂಡ ಇಂದಿರಾನಗರದ ಹಜಾರಗಳಲ್ಲಿ ಅದು ಸಾಧ್ಯ. ಶಿವಾಜಿನಗರದ ಓಣಿಯಲ್ಲಿ, ಒಂದೇ ಕೋಣೆಯಲ್ಲಿ ಊಟ, ಓದು, ನಿದ್ದೆ ಎಲ್ಲ ನಡೆಯುವಲ್ಲಿ, ಗೋಡೆಯೇ ಗತಿ. ಆ ಗೋಡೆಯಾದರೂ ಪಕ್ಕದ ಮನೆಯವರದೂ ಹೌದು. ಬ್ರ್ಯಾಕೆಟ್ಟನ್ನು ಅದಕ್ಕೆ ಬಿಗಿದರೆ ಕಂಪನ ನೇರವಾಗಿ ಇಟ್ಟಿಗೆಗೆ ಇಳಿಯುತ್ತದೆ. ನಮ್ಮ ಇರುಳಿನ ರಾಗ ಅತ್ತ ಕಡೆ ಮಲಗಿದ ಕೂಸಿಗೆ ಬರಿಯ ಗುದ್ದು. ಅಂಥಲ್ಲಿ ಓಣಿಯ ಕಡೆಯ ಗೋಡೆಯನ್ನು ಆರಿಸಿ, ನಡುವೆ ರಬ್ಬರಿನ ತುಂಡು ಕೊಟ್ಟು, ಮೂಲೆಯನ್ನು ತಪ್ಪಿಸುವುದು ಲೇಸು. ಬೆನ್ನಿನಲ್ಲಿ ಗಾಳಿಯ ಕಿಂಡಿಯಿರುವ ಪೆಟ್ಟಿಗೆ ಗೋಡೆಗೆ ಸಲ್ಲದು. ಮುಚ್ಚಿದ ಪೆಟ್ಟಿಗೆ ಹೊಂದಿಕೊಂಡೀತು. ದಂಡಿನ ಹಳೆಯ ಬಂಗಲೆಗಳದು ಬೇರೆಯೇ ಪಾಡು: ಗಾರೆಯ ದಪ್ಪ ಗೋಡೆ ನೋಡಲು ಕೋಟೆಯಂತಿದ್ದರೂ ಸ್ಕ್ರೂ ಹೊಕ್ಕೊಡನೆ ಪುಡಿಯುದುರುತ್ತದೆ. ಬಾಡಿಗೆಯ ಮನೆಯಾದರೆ ಆ ಪುಡಿಗೆ ಮುಂಗಡದ ಹಣದಲ್ಲಿ ಲೆಕ್ಕ.

ಸ್ಟ್ಯಾಂಡಿನ ಆಯ್ಕೆ ಕಠಿಣವಲ್ಲ. ಟೊಳ್ಳು ಕೊಳವೆಯದಾದರೆ ಒಣಮರಳು ತುಂಬಿರಿ. ಬಡಿದರೆ ಗಂಟೆಯಂತೆ ಮೊಳಗಬಾರದು. ಬೆಸುಗೆಯ ಅಂಗಡಿಯಲ್ಲಿ ಹೇಳಿ ಮಾಡಿಸಿದ್ದೂ ಆದೀತು. ಬುಡಕ್ಕೆ ನಮ್ಮ ಸೀಮೆಯ ಬೂದುಬಣ್ಣದ ಕಲ್ಲಿನ ಚಪ್ಪಡಿ ಇದ್ದರೆ ಬೆಕ್ಕು ಹಾರಿದರೂ ಉರುಳದು. ಕೆಳಗಿನ ಚೂಪುಮೊಳೆಗಳು ಕೆಂಪು ರೆಡ್‌ಆಕ್ಸೈಡ್ ನೆಲದಲ್ಲಿ ಮಾಸದ ಗಾಯ ಮಾಡುತ್ತವೆ. ಒಂದೊಂದರ ಅಡಿಗೂ ನಾಣ್ಯವಿಡಿ.

ಎತ್ತರದ ವಿಷಯದಲ್ಲಿ ಮಾತ್ರ ಪರದೇಶದ ಅಳತೆಯನ್ನು ನಂಬಲಾಗದು. 60 ಸೆಂ.ಮೀ. ಸ್ಟ್ಯಾಂಡು ಸೋಫಾದಲ್ಲಿ ಒರಗಿದವನ ಲೆಕ್ಕ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವರ ಕಿವಿ ನೆಲದಿಂದ ಸುಮಾರು 70 ಸೆಂ.ಮೀ. ಎತ್ತರದಲ್ಲಿರುತ್ತದೆ; ಅವರಿಗೆ 45 ಸೆಂ.ಮೀ. ಸ್ಟ್ಯಾಂಡು ಸಾಕು. ಮನೆಯಲ್ಲಿ ಅಜ್ಜಿ ಚಾಪೆಯ ಮೇಲೆ, ಮೊಮ್ಮಗ ಕುರ್ಚಿಯ ಮೇಲೆ ಕುಳಿತು ಕೇಳುವುದಾದರೆ ಸ್ಟ್ಯಾಂಡನ್ನು ಅಜ್ಜಿಯ ಅಳತೆಗೆ ಕೊಯ್ಸಿ, ಪೆಟ್ಟಿಗೆಯ ಮುಂಬದಿಗೆ ತೆಳುವಾದ ಬೆಣೆ ಕೊಟ್ಟು ಮೋರೆಯನ್ನು ತುಸು ಮೇಲೆತ್ತಿದರಾಯಿತು.