ಬಹಿಷ್ಕಾರ, ಒಗ್ಗಟ್ಟು ಮತ್ತು ದಂಡನೀತಿ: ಮುಂಬಯಿಯ ಕಾನೂನುಗಳ ಒಂದು ತಾತ್ತ್ವಿಕ ಪರಿಶೀಲನೆ

ಅಪರಾಧವೆಂದರೆ ಸಮುದಾಯದ ಸಾಮೂಹಿಕ ಭಾವನೆಗೆ ಬಿದ್ದ ಪೆಟ್ಟು. ಶಿಕ್ಷೆಯ ಮೂಲಕ ಸಮುದಾಯ ತನ್ನ ಒಗ್ಗಟ್ಟನ್ನು ಗಟ್ಟಿಮಾಡಿಕೊಳ್ಳುತ್ತದೆ. 1893ರಲ್ಲಿ ಎಮಿಲ್ ಡರ್ಕೈಮ್ ಮಂಡಿಸಿದ ವಾದವಿದು. ಆದರೆ ಒಗ್ಗಟ್ಟೇ ಶಿಕ್ಷೆಯ ಆಯುಧವಾದಾಗ ಪ್ರಭುತ್ವದ ದಂಡನೀತಿ ಏನು ಮಾಡಬೇಕು? ಸದಸ್ಯರು ಕೊಟ್ಟ ಮನ್ನಣೆಯನ್ನು ಗುಂಪು ಹಿಂಪಡೆಯಬಹುದು, ನಾಗರಿಕನ ಬದುಕಿಗೆ ಬೇಕಾದುದನ್ನು ಕಸಿಯುವಂತಿಲ್ಲ ಎಂಬುದು ಈ ಲೇಖನದ ನಿಲುವು.

ದಲಿತರ ಸ್ಥಿತಿಗತಿ ಅರಿಯಲು ಮುಂಬಯಿ ಸರಕಾರ ನೇಮಿಸಿದ್ದ ಸ್ಟಾರ್ಟ್ ಸಮಿತಿಯಲ್ಲಿ ಬಿ.ಆರ್. ಅಂಬೇಡ್ಕರ್ ಸದಸ್ಯರಾಗಿದ್ದರು. ಹಕ್ಕು ಕೇಳಿದ ದಲಿತರಿಗೆ ಅಂಗಡಿಯವರು ದಿನಸಿ ಕೊಡುತ್ತಿರಲಿಲ್ಲ, ಊರದಾರಿ ಮುಚ್ಚುತ್ತಿತ್ತು, ಗೇಣಿ ಜಮೀನು ಕೈತಪ್ಪುತ್ತಿತ್ತು ಎಂಬುದನ್ನು ಸಮಿತಿಯ 1930ರ ವರದಿ ದಾಖಲಿಸಿದೆ. ಇಲ್ಲಿ ಯಾರೂ ಕೈ ಎತ್ತಿಲ್ಲ. ಎಲ್ಲರೂ ಕೂಡಿ ಕೈಬಿಟ್ಟಿದ್ದಾರೆ. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಮನವಿಪತ್ರದಲ್ಲಿ ಅಂಬೇಡ್ಕರ್ ಬಹಿಷ್ಕಾರವನ್ನು ಅಪರಾಧವೆಂದು ಘೋಷಿಸಬೇಕೆಂದರು, ಪ್ರಾಮಾಣಿಕ ಕಾರ್ಮಿಕ ವಿವಾದವನ್ನು ಅದರಿಂದ ಹೊರಗಿಟ್ಟರು. ಬಲಿಷ್ಠರ ಒಗ್ಗಟ್ಟಿಗೂ ದುಡಿಯುವವರ ಒಗ್ಗಟ್ಟಿಗೂ ಒಂದೇ ಅಳತೆಗೋಲು ಸಲ್ಲದೆಂಬುದು ಅವರಿಗೆ ಸ್ಪಷ್ಟವಿತ್ತು.

1949ರ ಮುಂಬಯಿ ಬಹಿಷ್ಕಾರ ತಡೆ ಕಾಯ್ದೆ ಬಹಿಷ್ಕಾರವನ್ನೇ ಅಸಿಂಧುಗೊಳಿಸಿತು. ದಾವೂದಿ ಬೊಹ್ರಾ ಸಮುದಾಯದ ಗುರು ಸೈಯದ್ನಾ ಇದನ್ನು ಪ್ರಶ್ನಿಸಿದರು. ಧಾರ್ಮಿಕ ಶಿಸ್ತಿಗಾಗಿ ಹೊರಹಾಕುವ ಅಧಿಕಾರಕ್ಕೆ ಸಂವಿಧಾನದ 26ನೇ ವಿಧಿಯ ರಕ್ಷಣೆಯಿದೆಯೆಂದು 1962ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಕಾಯ್ದೆಯನ್ನು ರದ್ದುಪಡಿಸಿತು. ಭಿನ್ನಮತದ ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಅವರು ಬಹಿಷ್ಕೃತನ ಸ್ಥಿತಿಯನ್ನು ಅಸ್ಪೃಶ್ಯತೆಗೆ ಹತ್ತಿರವೆಂದು ಕಂಡರು. 2023ರಲ್ಲಿ ಈ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು.

2017ರಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಸಾಮಾಜಿಕ ಬಹಿಷ್ಕಾರ ವಿರೋಧಿ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನ್ಯಾಯಾಲಯ ಒಪ್ಪಿದರೆ ಸಂತ್ರಸ್ತರು ರಾಜಿಯಾಗಲೂ ಅವಕಾಶವಿದೆ. ಸಂತ್ರಸ್ತ ನಾಳೆಯೂ ಅದೇ ಜನರ ನಡುವೆ ಬಾಳಬೇಕು. ಆದುದರಿಂದ ರಾಜಿ ಸರಿಯೆ. ಆದರೆ ಅದೇ ಜನ ಒತ್ತಡ ಹೇರಿ ಒಪ್ಪಿಗೆ ಪಡೆಯಬಲ್ಲರು; ಆದುದರಿಂದ ನ್ಯಾಯಾಲಯದ ಅನುಮತಿಯೂ ಬೇಕು.

ಗುಂಪಿನ ಮನ್ನಣೆಗೂ ಬದುಕಿನ ಅಗತ್ಯಕ್ಕೂ ನಡುವೆ ಗೆರೆ ಎಳೆಯುವಾಗ ಕಗ್ಗಂಟಿರುವುದು ಸ್ಮಶಾನದಲ್ಲಿ. ಅದು ಸಮುದಾಯದ ಸ್ವತ್ತು, ಧಾರ್ಮಿಕ ವಿಧಿಯ ಜಾಗ. ಜತೆಗೆ ಪ್ರತಿ ಕುಟುಂಬಕ್ಕೂ ಅನಿವಾರ್ಯ. ಬೇರೆ ದಾರಿಯಿಲ್ಲದ ಅಗತ್ಯವೊಂದು ಗುಂಪಿನ ಹಿಡಿತದಲ್ಲಿರುವಾಗ, ಅದನ್ನು ನಿರಾಕರಿಸುವುದು ಆಂತರಿಕ ಶಿಸ್ತಿನ ಎಲ್ಲೆ ದಾಟಿ ಅಪರಾಧವಾಗುತ್ತದೆ. ಆದರೆ ಗುರುವಿನ ಆಶೀರ್ವಾದ, ಜಮಾತಿನ (ಸಮುದಾಯದ ಸಭೆಯ) ಹುದ್ದೆ, ನೆಂಟರ ಅಕ್ಕರೆ ಇವನ್ನು ಯಾವ ಮ್ಯಾಜಿಸ್ಟ್ರೇಟನೂ ಕೊಡಿಸಲಾರ, ಕೊಡಿಸಲು ಹೊರಡಲೂಬಾರದು.