ಬೇರೆ ಹಾಳೆಯಲ್ಲಿದ್ದ ಹೆಸರು

ಸತ್ಯೇಂದ್ರ ದುಬೆ ನೆನಪಿದ್ದಾರಾ? ಕಾನ್ಪುರ ಐಐಟಿಯಲ್ಲಿ ಓದಿ, ಹೆದ್ದಾರಿ ಪ್ರಾಧಿಕಾರ ಸೇರಿದ್ದ ಸಿವಿಲ್ ಇಂಜಿನಿಯರ್. ಸುವರ್ಣ ಚತುಷ್ಪಥ ರಸ್ತೆಯ ದೊಡ್ಡ ಗುತ್ತಿಗೆದಾರರು ಕೆಲಸವನ್ನು ಯೋಗ್ಯತೆಯಿಲ್ಲದ ಸಣ್ಣವರಿಗೆ ಹಂಚುತ್ತಿದ್ದಾರೆ ಎಂದು 2002ರಲ್ಲಿ ಪ್ರಧಾನಿ ಕಚೇರಿಗೆ ಬರೆದರು. ಅನಾಮಧೇಯ ಪತ್ರಕ್ಕೆ ಯಾರು ಬೆಲೆ ಕೊಡ್ತಾರೆ? ಅದಕ್ಕೇ ತಮ್ಮ ವಿವರಗಳನ್ನು ಬೇರೆ ಹಾಳೆಯಲ್ಲಿಟ್ಟು, ಗುಟ್ಟಾಗಿಡಿ ಎಂದು ಕೇಳಿಕೊಂಡರು.

ಪತ್ರ ಹೆಸರಿನ ಸಮೇತ ಇಲಾಖೆಯಿಂದ ಇಲಾಖೆಗೆ ಓಡಾಡಿತು. ಒಂದು ಮೇಲ್ ತಪ್ಪಿ ಎಲ್ಲರಿಗೂ ಹೋದರೇ ನಮಗೆ ಎದೆ ಧಸಕ್ ಅನ್ನತ್ತೆ...

2003ರ ನವೆಂಬರ್ 27, ಅವರ ಮೂವತ್ತನೇ ಹುಟ್ಟುಹಬ್ಬ. ಗಯಾದಲ್ಲಿ ಗುಂಡಿಟ್ಟು ಕೊಂದರು. ಸಿಬಿಐ ಅದನ್ನು ದರೋಡೆ ಎಂದಿತು. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಹಾಗೇ ಇರಲಿ, ಪತ್ರವನ್ನು ಬಯಲು ಮಾಡಿದವರು?

ಇಂಥವರ ರಕ್ಷಣೆಯ ಕಾಯಿದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿಯ ಅಧಿಸೂಚನೆ ಮಾತ್ರ ಹತ್ತು ವರ್ಷ ಕಳೆದರೂ ಹೊರಡಲಿಲ್ಲ.