ಅರ್ಧಕ್ಕೆ ನಿಂತ ಓಟ

ಕ್ರೀಡೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರಿಂದ ಆರಂಭಿಸುತ್ತಾರೆ. ಪದಕಗಳೂ ದಾಖಲೆಗಳೂ ಅವರ ಕೆಲಸವನ್ನು ಹಗುರಗೊಳಿಸುತ್ತವೆ. ನಾನು ಹೇಳಹೊರಟಿರುವುದು ಬೇರೊಂದು ಬಗೆಯ ಚರಿತ್ರೆ. ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ, ಜೋಯಿಡಾ ಸೀಮೆಯ ಸಿದ್ದಿ ಮಕ್ಕಳಿಗೆ ಓಟವೇ ಬದುಕಿನ ದಾರಿಯಾಗಬಹುದೆಂಬ ಆಸೆ ಒಮ್ಮೆ ಹುಟ್ಟಿತು. ಆ ದಾರಿ ಆರೇ ವರ್ಷಗಳಲ್ಲಿ ಮುಚ್ಚಿಹೋಯಿತು.

ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಹದಿನಾರನೆಯ ಶತಮಾನದಿಂದ ಪೋರ್ಚುಗೀಸರು ಅವರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡುಗಳನ್ನು ಸೇರಿದರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರೂ ಇದ್ದಾರೆ. ಡಮಾಮಿಯ ಬಡಿತಕ್ಕೆ ಮಾತ್ರ ಮೂವರ ಹೆಜ್ಜೆಯೂ ಒಂದೇ. ಇದೇ ಮೂಲದ ಜನ ದಖ್ಖನದ ಆಸ್ಥಾನಗಳಲ್ಲಿ ಅಧಿಕಾರವನ್ನೂ ನಡೆಸಿದ್ದುಂಟು. 1626ರಲ್ಲಿ ತೀರಿಕೊಂಡ ಅಹಮದನಗರದ ಮಲಿಕ್ ಅಂಬರ್ ಗುಲಾಮನಾಗಿ ಮಾರಾಟವಾದವನೇ; ವಿಜಯಪುರದಲ್ಲಿ ಮುಹಮ್ಮದ್ ಆದಿಲ್‌ಶಾಹನ ಮಂತ್ರಿಯಾಗಿದ್ದ ಇಖ್ಲಾಸ್ ಖಾನನೂ ಹಬಶಿಯೇ. ಆದರೆ ಘಟ್ಟದ ಕಾಡು ಸೇರಿದವರ ಪಾಲಿಗೆ ಉಳಿದದ್ದು ಬಹುಮಟ್ಟಿಗೆ ಅಡಕೆ ತೋಟದ ಕೂಲಿ, ಕಾಡಿನ ಕೆಲಸ, ತುಂಡು ಭೂಮಿ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಕಾಡಿನ ಬಿದಿರು ಅಲ್ಲಿಗೆ ಹೋಗಿ ಕಾಗದವಾಗಿ ದೇಶಕ್ಕೆಲ್ಲ ಹರಡಿತು. ಆ ಕಾಗದದ ಮೇಲೆ ಅಕ್ಷರ ಬರೆಯುವ ಅವಕಾಶ ಸಿದ್ದಿಯ ಮಗುವಿಗೆ ಬಹಳ ತಡವಾಗಿ ಬಂದಿತು.

1984ರ ಒಲಿಂಪಿಕ್ಸಿನಿಂದ ಭಾರತ ಬರಿಗೈಯಲ್ಲಿ ಮರಳಿತು. ಅದೇ ವರ್ಷ ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಥಾಪನೆಯಾಯಿತು. ಕೆಲವು ಸಮುದಾಯಗಳಲ್ಲಿ ಕೆಲವು ಕ್ರೀಡೆಗಳಿಗೆ ಬೇಕಾದ ಶಕ್ತಿ ಸಹಜವಾಗಿಯೇ ಇರುತ್ತದೆ, ಅದನ್ನು ಹುಡುಕಿ ತೆಗೆಯಬೇಕು ಎಂಬ ಆಲೋಚನೆಯಿಂದ 'ಸ್ಪೆಷಲ್ ಏರಿಯಾ ಗೇಮ್ಸ್' ಎಂಬ ಯೋಜನೆ ಹುಟ್ಟಿಕೊಂಡಿತು. ಆಗ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದವರು ಕರ್ನಾಟಕದವರೇ ಆದ ಮಾರ್ಗರೆಟ್ ಆಳ್ವ. 1987ರಲ್ಲಿ ಈ ಹುಡುಕಾಟ ಕರ್ನಾಟಕದ ಮತ್ತು ಗುಜರಾತಿನ ಸಿದ್ದಿಗಳವರೆಗೆ ಬಂದಿತು. ಮಕ್ಕಳನ್ನು ಓಡಿಸಿ, ನೆಗೆಸಿ, ಆರಿಸಿ, ದೂರದ ತರಬೇತಿ ಕೇಂದ್ರಗಳಿಗೆ ಕರೆದೊಯ್ದರು. ಅವರಿಗೆ ಹೊಟ್ಟೆ ತುಂಬ ಊಟ, ಶಾಲೆ, ಬೂಟು, ನುರಿತ ಗುರು ದೊರೆತರು. ಕಮಲಾ ಸಿದ್ದಿಯವರಂಥವರು ಅಂತರರಾಷ್ಟ್ರೀಯ ಕಣದವರೆಗೂ ಹೋದರು. 1993ರಲ್ಲಿ ಸಿದ್ದಿಗಳಿಗಾಗಿದ್ದ ಈ ಕಾರ್ಯಕ್ರಮ ನಿಂತುಹೋಯಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. 1987ರಲ್ಲಿ ಹನ್ನೆರಡು ವರ್ಷವಾಗಿದ್ದ ಮಗುವಿಗೆ 1993ರಲ್ಲಿ ಹದಿನೆಂಟು. ಪಿ. ಟಿ. ಉಷಾ 1976ರಲ್ಲಿ ಕಣ್ಣೂರಿನ ಕ್ರೀಡಾ ಶಾಲೆ ಸೇರಿದರು. 1984ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಲಾಸ್ ಏಂಜಲೀಸಿನಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಕಂಚನ್ನು ಕಳೆದುಕೊಂಡರು. ಅವರ ಹಿಂದೆ ನಂಬಿಯಾರರೆಂಬ ಒಬ್ಬನೇ ಗುರುವಿನ ಎಂಟು ವರ್ಷಗಳ ದುಡಿಮೆಯಿತ್ತು. ಉಸೇನ್ ಬೋಲ್ಟ್ ನೂರು ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ್ದು 2009ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ. ಓಟಗಾರನ ದೇಹ ಪಕ್ವವಾಗುವುದು ಆ ವಯಸ್ಸಿಗೆ. ಸಿದ್ದಿ ಮಕ್ಕಳ ಬೆಳೆ ಹಾಲುಗಾಳು ಕಟ್ಟುವ ಹೊತ್ತಿಗೆ ನೀರನ್ನು ನಿಲ್ಲಿಸಲಾಯಿತು. ಕಟಾವಿನ ದಿನ ಬಾರದ ಹೊಲವನ್ನು ನೋಡಿ, ಇಳುವರಿ ಬರಲಿಲ್ಲವೆಂದು ಹೇಳುವುದು ನ್ಯಾಯವಲ್ಲ.

ಇದೇ ಯೋಜನೆ ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾ ರಾಮನನ್ನು 1987ರಲ್ಲಿ ಗುರುತಿಸಿತು. 1992ರಲ್ಲಿ ಆತ ಬಿಲ್ಲುಗಾರಿಕೆಯಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದ. ಯೋಜನೆಯಲ್ಲಿ ತಿರುಳಿಲ್ಲದೆ ಇರಲಿಲ್ಲವೆಂಬುದಕ್ಕೆ ಇಷ್ಟು ಸಾಕು.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇನ್ನೊಂದಿದೆ. ಗುಲಾಮರ ಸಂತೆಯಲ್ಲಿ ವ್ಯಾಪಾರಿ ಮೊದಲು ನೋಡಿದ್ದು ತೋಳು ತೊಡೆಗಳನ್ನು. ಶತಮಾನಗಳು ಕಳೆದ ಮೇಲೆ, ಒಳ್ಳೆಯ ಉದ್ದೇಶದಿಂದಲೇ ಬಂದವರು ಕೂಡ ಮೊದಲು ನೋಡಿದ್ದು ಅವನ್ನೇ. ಆಫ್ರಿಕದ ರಕ್ತ ಓಡಿಯೇ ಓಡುತ್ತದೆಂಬ ನಂಬಿಕೆಯಲ್ಲಿ ವಿಜ್ಞಾನಕ್ಕಿಂತ ಅವಸರ ಹೆಚ್ಚು. ಕೀನ್ಯದ ದೂರದ ಓಟಗಾರನ ಬೆನ್ನಿಗೆ ಎತ್ತರದ ನಾಡಿದೆ, ಶಾಲೆಗಳಿವೆ, ಸ್ಪರ್ಧೆಗಳಿವೆ, ತಲೆಮಾರುಗಳ ರೂಢಿಯಿದೆ. ಬರಿಯ ರಕ್ತವನ್ನು ನಂಬಿದವರಿಗೆ ಫಲ ತಡವಾದರೆ ತಾಳ್ಮೆಯೂ ಬೇಗ ಬತ್ತುತ್ತದೆ. ಮನುಷ್ಯನನ್ನು ನಂಬಿದವರು ಕಾಯುತ್ತಾರೆ.

ಓಟ ನಮ್ಮಲ್ಲಿ ತಾನಾಗಿ ಅನ್ನ ಕೊಡುವ ವೃತ್ತಿಯಲ್ಲ. ಕ್ರೀಡಾ ಮೀಸಲಿನಲ್ಲಿ ರೈಲ್ವೆಯಲ್ಲೋ ಪೊಲೀಸಿನಲ್ಲೋ ಸಿಗುವ ನೌಕರಿಯೇ ಅದರ ಸಂಬಳ. ಕೆಲವು ಸಿದ್ದಿ ಓಟಗಾರರಿಗೆ ಅಂಥ ನೌಕರಿ ಸಿಕ್ಕಿತು. ಪದಕದ ಕನಸನ್ನು ಬಿಟ್ಟು ಸಂಬಳವನ್ನು ಹಿಡಿದರೆಂದು ಅವರನ್ನು ಆಡಿಕೊಳ್ಳುವವರುಂಟು. ತಲೆಮಾರುಗಳಿಂದ ಕೂಲಿಯನ್ನಷ್ಟೇ ಕಂಡ ಮನೆಗೆ ತಿಂಗಳ ಸಂಬಳ ಬಂದದ್ದು ನನ್ನ ದೃಷ್ಟಿಯಲ್ಲಿ ಸೋಲಲ್ಲ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತನ್ನು ಪ್ರವೇಶಿಸಿದರು. ಕುಸ್ತಿಗೆ ಹೆಸರಾದ ಹಳಿಯಾಳದಲ್ಲಿ ಸಿದ್ದಿ ಹೆಣ್ಣುಮಕ್ಕಳು ಕಣಕ್ಕಿಳಿದಿದ್ದಾರೆ. 2010ರ ದಶಕದಲ್ಲಿ 'ಬ್ರಿಜಸ್ ಆಫ್ ಸ್ಪೋರ್ಟ್ಸ್' ಎಂಬ ಸಂಸ್ಥೆ ಮುಂಡಗೋಡದ ಮಕ್ಕಳನ್ನು ಮತ್ತೆ ಓಟಕ್ಕೆ ಹಚ್ಚಿತು. ಇವರಲ್ಲಿ ಯಾರು ಎಷ್ಟು ವೇಗವಾಗಿ ಓಡುತ್ತಾರೆಂಬುದನ್ನು ಗಡಿಯಾರ ಹೇಳುತ್ತದೆ. ಅವರ ಜೊತೆ ನಾವು ಎಷ್ಟು ದೂರ ನಡೆಯುತ್ತೇವೆಂಬುದನ್ನು ಮಾತ್ರ ನಾವೇ ಹೇಳಬೇಕು.